ಗಂಡನಿಗೆ ಸೊನ್ನೆ ಪಾಯಿಂಟು

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ‘ಮೈಕ್ರಾನ್ ಸಾಹೇಬ’ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಗುಣಮಟ್ಟ ವಿಭಾಗದಲ್ಲಿ ಕುಳಿತು, ಬೇರೆಯವರು ಮಾಡಿದ್ದನ್ನು ಅಳೆದು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕೆಸೆಯುವುದು ಅವನ ಕಸುಬು. ಮನೆಯಲ್ಲೂ ಅದೇ ಕಸುಬು, ಸಂಬಳವಿಲ್ಲದೆ. ಕಾಫಿ ಆರಿದೆ, ಅಂಗಿಯ ತೋಳಿಗೆ ಎರಡು ಇಸ್ತ್ರಿಗೆರೆ ಬಿದ್ದಿದೆ, ಮಗಳು ಬರೆದ ಸಾಲು ಬಲಕ್ಕೆ ವಾಲಿದೆ. (ಕೆಂಪು ಬಣ್ಣದ ಡಬ್ಬಿಯನ್ನು ಮನೆಗೆ ತಂದಿರಲಿಲ್ಲ ಎಂಬುದೊಂದೇ ಪುಣ್ಯ.)

ಇಂಥ ಮಹಾನುಭಾವನಿಗೆ ಒಂದು ಸೋಮವಾರ ಘೋರ ಅನ್ಯಾಯವಾಯಿತು. ವಿಭಾಗದ ಮುಖ್ಯಸ್ಥರು ನಿವೃತ್ತರಾಗಿ ಖಾಲಿ ಬಿದ್ದ ಕುರ್ಚಿಯಲ್ಲಿ, ಅವನ ಕೈಕೆಳಗೇ ಕೆಲಸ ಕಲಿತ ಒಬ್ಬ ಬಂದು ಕುಳಿತುಬಿಟ್ಟ. ಕುಳಿತವನು ಸುಮ್ಮನೆ ಕುಳಿತನೇ? “ಸಾರ್, ನಿಮ್ಮ ಆಶೀರ್ವಾದ” ಎಂದು ಕೈ ಬೇರೆ ಮುಗಿದ. ಮೈಕ್ರಾನ್ ಸಾಹೇಬ ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಹೆಂಡತಿ ಬೆಳಗಿನ ಪಾಳಿ ಮುಗಿಸಿ ಬಂದು, ಊಟದ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡು ಬಟಾಣಿ ಬಿಡಿಸುತ್ತಿದ್ದಳು. ಅವಳು ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವವಳು.

“ನಾವು ಈ ದೇಶ ಬಿಡ್ತಾ ಇದೀವಿ,” ಎಂದು ಅವನು ನಿಂತಲ್ಲೇ ಘೋಷಿಸಿದ.

“ಬಿಡೋಣ. ಮೊದಲು ಬಟಾಣಿ ಬಿಡಿಸಿ ಆಗ್ಲಿ.”

“ತಮಾಷೆ ಅಲ್ಲ ಕಣೇ. ಪ್ರತಿಭೆಗೆ ಬೆಲೆ ಇಲ್ಲದ ಕಡೆ ಒಂದು ನಿಮಿಷ ಇರಬಾರದು.”

“ನನಗೆ ಇಲ್ಲಿ ಏನೂ ತೊಂದರೆ ಇಲ್ಲಪ್ಪ. ಅಮ್ಮ ಎರಡು ಬೀದಿ ಆಚೆಗಿದ್ದಾರೆ. ಮಗಳದು ಒಂಬತ್ತನೇ ಕ್ಲಾಸು. ಇಷ್ಟಕ್ಕೂ ನನ್ನ ಕೇಳಿದ್ರಾ ನೀವು?”

“ಈಗ ಕೇಳ್ತಾ ಇಲ್ವಾ?”

ಇದು ಕೇಳುವ ರೀತಿಯೇ ಎಂದು ಅವಳು ಕೇಳಲಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ಆ ಪ್ರಶ್ನೆ ಸವೆದು ತೆಳ್ಳಗಾಗಿತ್ತು. ಮುಂದಿನ ಒಂದು ತಿಂಗಳು ಬೆಳಗ್ಗೆ ಹಲ್ಲುಜ್ಜುವಾಗಲೂ ಅವನ ಬಾಯಲ್ಲಿ ನೊರೆಯ ಜೊತೆ ತಾನು ಹೋಗಲು ಆರಿಸಿಕೊಂಡ ದೇಶದ್ದೇ ಮಾತು. ಅಲ್ಲಿನ ರಸ್ತೆ, ಅಲ್ಲಿನ ಗಾಳಿ, ಅಲ್ಲಿ ಹಾರ್ನ್ ಹೊಡೆಯದ ಜನ. ಕೊನೆಗೆ ಆ ನೊರೆಯಿಂದ ತಪ್ಪಿಸಿಕೊಳ್ಳಲಾದರೂ ಒಮ್ಮೆ ಹೋಗಿಬರೋಣವೆಂದು ಅವಳು ತರಕಾರಿ ಚೀಲವನ್ನೂ ಹಿಡಿದುಕೊಂಡು ಅವನೊಡನೆ ವೀಸಾ ಸಲಹಾ ಕಚೇರಿಗೆ ಹೊರಟಳು.

ಗೋಡೆಯ ತುಂಬ ಹಿಮದ ಬೆಟ್ಟ, ಮೂಲೆಯಲ್ಲಿ ಧೂಳು ಹಿಡಿದ ಪ್ಲಾಸ್ಟಿಕ್ ಗಿಡ, ಮೇಜಿನ ಹಿಂದೆ ನಗುವನ್ನು ಬೆಳಗ್ಗೆಯೇ ಹಚ್ಚಿಕೊಂಡು ಬಂದಂತಿದ್ದ ಸಲಹೆಗಾರ್ತಿ. ಮೈಕ್ರಾನ್ ಸಾಹೇಬ ತನ್ನ ಪ್ರಮಾಣಪತ್ರಗಳ ಫೈಲನ್ನು (ಹೈಸ್ಕೂಲಿನ ರಸಪ್ರಶ್ನೆಯ ಎರಡನೇ ಬಹುಮಾನವೂ ಸೇರಿ) ಮೇಜಿನ ಮೇಲಿಟ್ಟ. ಅವಳು ಅದನ್ನು ಮುಟ್ಟಲೂ ಇಲ್ಲ.

“ವೀಸಾಕ್ಕೆ ಪಾಯಿಂಟ್ ಲೆಕ್ಕ ಹಾಕ್ತೀನಿ. ವಯಸ್ಸು, ಸಾರ್?”

“ನಲವತ್ತಾರು. ಆದರೆ ನೋಡೋರು ಯಾರೂ...”

“ಸೊನ್ನೆ ಪಾಯಿಂಟು. ಹುದ್ದೆ?”

“ಗುಣಮಟ್ಟ ವಿಭಾಗದ ಉಪಮುಖ್ಯಸ್ಥ. ಇಪ್ಪತ್ತೆರಡು ವರ್ಷ ಅನುಭವ.”

“ಅವರಿಗೆ ಬೇಕಾದ ಕೆಲಸಗಳ ಪಟ್ಟಿಯಲ್ಲಿ ಇಲ್ಲ. ಸೊನ್ನೆ.” ಅವಳು ತರಕಾರಿ ಚೀಲದ ಕಡೆ ತಿರುಗಿದಳು. “ಮೇಡಂ, ನೀವು ಮನೆಯಲ್ಲೇ ಇರೋದಾ?”

“ಇಲ್ಲ, ಸ್ಕ್ಯಾನಿಂಗ್‌ನಲ್ಲಿದ್ದೀನಿ. ಎಂಆರ್‌ಐ.”

ಕೀಲಿಮಣೆಯ ಮೇಲೆ ಓಡುತ್ತಿದ್ದ ಬೆರಳುಗಳು ನಿಂತವು. ಸಲಹೆಗಾರ್ತಿಯ ಕುರ್ಚಿ ಕಿರ್ರೆಂದು ತಿರುಗಿ ಹೆಂಡತಿಗೆ ಎದುರಾಯಿತು. ಎಲ್ಲಿಂದಲೋ ಕಾಫಿ ಬಂತು. ಒಂದೇ ಕಪ್ಪು.

“ಹಾಗಾದ್ರೆ ಅರ್ಜಿದಾರರು ನೀವು, ಮೇಡಂ. ಸಾರ್ ಅವಲಂಬಿತರು.”

“ಅವಲಂಬಿತ? ನಾನಾ?” ಸಾಹೇಬ ಎದ್ದೇಬಿಟ್ಟ. “ನಮ್ಮನೇಲಿ ಗ್ಯಾಸ್ ಸಿಲಿಂಡರ್ ಎತ್ತಿಡೋನೇ ನಾನು!”

“ಕೂತ್ಕೊಳ್ಳಿ, ಸಾರ್. ಮೇಡಂಗೆ ಅರವತ್ತು ಪಾಯಿಂಟ್ ಆಯ್ತು, ವೀಸಾಕ್ಕೆ ಅರವತ್ತೈದು ಬೇಕು. ಒಂಟಿಯಾಗಿದ್ದಿದ್ರೆ ಇನ್ನೂ ಹತ್ತು ಸಿಗ್ತಿತ್ತು.”

“ಒಂಟಿ ಅಂದ್ರೆ?”

“ಅಂದ್ರೆ... ನೀವು ಇಲ್ದೇ ಇದ್ದಿದ್ರೆ.”

ಹೆಂಡತಿ ಕಾಫಿ ಕುಡಿಯುತ್ತಿದ್ದವಳು ಕಪ್ಪನ್ನು ಕೆಳಗಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮನೆಗೆ ಮರಳುವ ದಾರಿಯುದ್ದಕ್ಕೂ ಸ್ಕೂಟರಿನ ಹಿಂದಿನ ಸೀಟು ಅಲುಗಾಡುತ್ತಲೇ ಇತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವನು ಗುಡುಗಿದ: “ಏನು ಅಂಥ ನಗು?”

“ಅಲ್ಲಾ, ನಿಮ್ಮ ಮಾತಲ್ಲಿ ಪಾಯಿಂಟೇ ಇಲ್ಲ ಅಂತ ಇಷ್ಟು ವರ್ಷ ನಾನೊಬ್ಬಳೇ ಹೇಳ್ತಿದ್ದೆ. ಈಗ ನೋಡಿ, ಒಂದು ಸರ್ಕಾರನೇ ಹೇಳ್ತಾ ಇದೆ.”

ಕೊರತೆ ಬಿದ್ದ ಐದು ಪಾಯಿಂಟಿಗೆ ಒಂದು ದಾರಿಯಿತ್ತು: ಗಂಡ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಇದು ಸಾಹೇಬನಿಗೆ ಹುಲ್ಲುಕಡ್ಡಿ. ಕಾರ್ಖಾನೆಯ ಸುತ್ತೋಲೆಗಳಲ್ಲಿ ವ್ಯಾಕರಣ ತಿದ್ದಿ ಮ್ಯಾನೇಜರಿಗೇ ಹಿಂದಿರುಗಿಸಿದವನು ಅವನು. (ಕುರ್ಚಿ ತಪ್ಪಿದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ.) ಓದುವುದು, ಬರೆಯುವುದು ಸಲೀಸಾಗಿ ಮುಗಿದವು. ಮಾತಾಡುವ ಪರೀಕ್ಷೆಯಲ್ಲಿ ಪರದೆಯ ಮೇಲೆ ಪ್ರಶ್ನೆ ಮೂಡಿತು: ‘ಇನ್ನೊಬ್ಬರ ಮಾತು ಕೇಳಿ ನೀವು ಮನಸ್ಸು ಬದಲಾಯಿಸಿದ ಒಂದು ಸಂದರ್ಭವನ್ನು ವಿವರಿಸಿ. ಸಮಯ ಎರಡು ನಿಮಿಷ.’

ಅವನು ಯೋಚಿಸಿದ. ಹೋದ ವರ್ಷವನ್ನು ಜಾಲಾಡಿದ, ಹಿಂದಿನ ವರ್ಷವನ್ನು ಜಾಲಾಡಿದ, ಮದುವೆಯ ದಿನದವರೆಗೂ ಹೋಗಿ ಬಂದ. ಅಕ್ಕಪಕ್ಕದ ಗೂಡುಗಳಲ್ಲಿ ಜನ ಪಟಪಟನೆ ಮಾತಾಡುತ್ತಿದ್ದರು. ಇವನ ಮೈಕಿಗೆ ಎರಡು ನಿಮಿಷವೂ ಕೇಳಿಸಿದ್ದು ಉಸಿರಾಟ ಮಾತ್ರ.

ಇತ್ತ ಹೆಂಡತಿಗೆ ಏನೋ ಆಗಿತ್ತು. ಬೇಡ ಬೇಡ ಎನ್ನುತ್ತಿದ್ದವಳು ಬೆಳಗ್ಗೆ ಬೇಗ ಎದ್ದು ಹೊಸ ಯಂತ್ರಗಳ ಬಗ್ಗೆ ಓದತೊಡಗಿದಳು. ಮಗಳು ಅಮ್ಮನಿಗೆ ಪ್ರಶ್ನೆ ಕೇಳುವಳು, ಅಮ್ಮ ಉತ್ತರಿಸುವಳು, ಇಬ್ಬರೂ ನಗುವರು. ಅವಳು ಅರ್ಜಿ ಹಾಕಿದ್ದ ಅಲ್ಲಿನ ಒಂದು ಆಸ್ಪತ್ರೆಯವರು ಭಾನುವಾರ ಮಧ್ಯಾಹ್ನ ವಿಡಿಯೋದಲ್ಲಿ ಸಂದರ್ಶನ ಇಟ್ಟುಕೊಂಡರು. ಹಾಲ್‌ನಲ್ಲಿ ಅವಳು ಕುಳಿತಳು. ಕುಕ್ಕರ್ ಕೂಗದಂತೆ ಕಾಯುವ ಜವಾಬ್ದಾರಿಯನ್ನು ಅಡುಗೆಮನೆಯಲ್ಲಿ ಸಾಹೇಬನಿಗೆ ವಹಿಸಲಾಯಿತು.

ಬಾಗಿಲ ಸಂದಿಯಿಂದ ಅವನಿಗೆ ಕೇಳಿಸಿತು. ಯಂತ್ರದೊಳಗೆ ಹೋಗಲು ಹೆದರುವ ರೋಗಿಯನ್ನು ಹೇಗೆ ಒಪ್ಪಿಸುತ್ತೀರಿ ಎಂದು ಅವರು ಕೇಳಿದರು. ಅವಳು, ಕೆಲಸಕ್ಕೆ ಸೇರಿದ ಮೊದಲ ವಾರವೇ ತಾನು ಅದರೊಳಗೆ ಅರ್ಧ ಗಂಟೆ ಮಲಗಿದ್ದೆ, ಎಲ್ಲಿ ಉಸಿರು ಕಟ್ಟಿದಂತಾಗುತ್ತದೆಂದು ತಿಳಿಯಲು, ಎಂದಳು. ಆಮೇಲೆ ಅಂಥ ರೋಗಿಗಳನ್ನೆಲ್ಲ ತನ್ನ ಕಡೆಗೇ ಕಳಿಸುತ್ತಾರೆ ಎಂದಳು. ಅವಸರವಿಲ್ಲದ, ತಗ್ಗಿದ, ಗಟ್ಟಿ ಧ್ವನಿ. ಆ ಧ್ವನಿ ಈ ಮನೆಯಲ್ಲಿ ಅವನು ಕೇಳಿದ್ದಲ್ಲ. ಆ ಅರ್ಧ ಗಂಟೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಅವಳು ದಿನವಿಡೀ ಏನು ಮಾಡುತ್ತಾಳೆಂದು ಅವನು ಕೇಳಿದ್ದೇ ಇಲ್ಲ. ಎದೆಯಲ್ಲಿ ಏನೋ ಚುಳ್ಳೆಂದಿತು. ಅಸಿಡಿಟಿ ಎಂದುಕೊಂಡ. ಅಷ್ಟರಲ್ಲಿ ಕುಕ್ಕರ್ ಕೂಗಿತು.

ಒಂದೇ ವಾರದಲ್ಲಿ ಎರಡು ಫಲಿತಾಂಶ ಬಂದವು. ಸಾಹೇಬ ಮಾತಿನಲ್ಲಿ ನಪಾಸು. ಹೆಂಡತಿಗೆ ಕೆಲಸ ಸಿಕ್ಕಿತು. ಆಸ್ಪತ್ರೆಯವರೇ ವೀಸಾ ಮಾಡಿಸುತ್ತಾರೆ, ಪಾಯಿಂಟಿನ ಗೊಡವೆಯೇ ಇಲ್ಲ, ಶುಕ್ರವಾರದೊಳಗೆ ಉತ್ತರ ಕೊಟ್ಟರೆ ಸಾಕು.

ಅವತ್ತೇ ಮೈಕ್ರಾನ್ ಸಾಹೇಬನಲ್ಲಿ ದೇಶಭಕ್ತಿ ಭುಗಿಲೆದ್ದಿತು.

“ನಾನು ಕೂಲಂಕಷವಾಗಿ ಯೋಚನೆ ಮಾಡಿದೆ. ಹುಟ್ಟಿದ ಮಣ್ಣು ಅಂತ ಒಂದಿರುತ್ತೆ. ಪಾಪ, ನಿಮ್ಮಮ್ಮ ಇಲ್ಲೇ ಇದ್ದಾರೆ. ಮಗಳ ಓದು ಬೇರೆ...”

“ಇವೆಲ್ಲ ನಾನು ಹೇಳಿದ್ದ ಮಾತು.”

“ಅದಕ್ಕೇ, ನಿನ್ನ ಮಾತಿಗೆ ಬೆಲೆ ಕೊಟ್ಟೇ ಹೇಳ್ತಾ ಇರೋದು.”

ಅವಳು ಮಡಿಸುತ್ತಿದ್ದ ಟವೆಲನ್ನು ಕೆಳಗಿಟ್ಟಳು. “ನಿಮಗೆ ಕುರ್ಚಿ ಸಿಗಲಿಲ್ಲ ಅಂತ ದೇಶ ಕೆಟ್ಟುಹೋಗಿತ್ತು. ಈಗ ನನಗೆ ಕುರ್ಚಿ ಸಿಕ್ತು ಅಂತ ದೇಶ ಒಳ್ಳೇದಾಯ್ತು. ಅಷ್ಟೇ ತಾನೇ?”

“ಅಪ್ಪಾ, ಅಮ್ಮ ಅಷ್ಟು ಕಷ್ಟಪಟ್ಟು...” ಎಂದು ಮಗಳು ಬಾಯಿ ಹಾಕಿದಳು.

“ನೀನು ಹೋಗಿ ಓದ್ಕೋ!”

ಹೆಂಡತಿ ಮತ್ತೆ ವಾದಿಸಲಿಲ್ಲ. ಶುಕ್ರವಾರ ಬಂತು, ಹೋಯಿತು. ಎರಡು ವಾರ ಮನೆಯಲ್ಲಿ ಕಾಫಿ ಬಿಸಿಯಾಗಿತ್ತು, ಇಸ್ತ್ರಿಗೆರೆ ಒಂದೇ ಇತ್ತು, ಮಾತು ಮಾತ್ರ ಇರಲಿಲ್ಲ. ಮೌನವೆಂದರೆ ಸಮ್ಮತಿ ಎಂದು ಅವನು ಲೆಕ್ಕ ಹಾಕಿದ. ಕಾರ್ಖಾನೆಯ ಕ್ಯಾಂಟೀನಿನಲ್ಲಿ, “ಕರೆದ್ರು, ನಾವೇ ಬೇಡ ಅಂದ್ವಿ,” ಎಂದು ಹಲ್ಲುಕಡ್ಡಿ ಆಡಿಸುತ್ತ ಹೇಳಿಕೊಂಡ.

ಆಮೇಲಿನ ಶನಿವಾರ ಮಧ್ಯಾಹ್ನ ಅವನ ಫೋನಿಗೆ ಉದ್ದನೆಯ ಅಂಕಿಯ ಕರೆ ಬಂತು. ಆ ದೇಶದ ಆಸ್ಪತ್ರೆಯ ಹೆಂಗಸು. ಅವನ ಹೆಂಡತಿ ಫೋನ್ ಎತ್ತುತ್ತಿಲ್ಲ, ಅರ್ಜಿಯಲ್ಲಿ ಈ ನಂಬರೂ ಇತ್ತು ಎಂದಳು. (ಎಂಆರ್‌ಐ ಕೋಣೆಯೊಳಗೆ ಫೋನ್ ಒಯ್ಯುವಂತಿಲ್ಲ.) ನನ್ನ ಪತ್ನಿಗೆ ನಿಮ್ಮ ಕೆಲಸದಲ್ಲಿ ಆಸಕ್ತಿಯಿಲ್ಲ, ಕ್ಷಮಿಸಿ, ಎಂಬ ವಾಕ್ಯವನ್ನು ಅವನು ಬೆಡಗಿನ ಇಂಗ್ಲಿಷಿನಲ್ಲಿ ಜೋಡಿಸಿಕೊಂಡ. ಬಾಯಿ ತೆರೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು: ನಿಮ್ಮ ಪತ್ನಿ ಒಪ್ಪಿಗೆ ಪತ್ರ ಕಳಿಸಿ ಎರಡು ವಾರವಾಯಿತು, ನಮಗೆಲ್ಲ ಬಹಳ ಸಂತೋಷ, ಒಂದು ಸಣ್ಣ ತಪ್ಪು ಮಾತ್ರ ಕಂಡಿತು. ಮೊದಲ ಅರ್ಜಿಯಲ್ಲಿ ಮೂವರ ಹೆಸರಿದೆ, ಮನೆ ಕೇಳಿ ಬರೆದ ಕಾಗದದಲ್ಲಿ ಇಬ್ಬರು ಎಂದಿದೆ. ಯಾವುದು ಸರಿ?

ಜೋಡಿಸಿದ್ದ ವಾಕ್ಯ ಚೂರುಚೂರಾಯಿತು.

“ಮೂರು,” ಎಂದ. ಕೇಳಿಸಲಿಲ್ಲ ಎಂದಳು ಅವಳು. “ಮೂರು! ಮೂರು ಜನ! ಮೂರು!” ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ಸಂಜೆ ಹೆಂಡತಿ ಬಂದು ಚಪ್ಪಲಿ ಬಿಡುತ್ತಿರುವಾಗ ಅವನು ಆದಷ್ಟು ಸಹಜವಾಗಿ ಹೇಳಿದ: “ಫೋನ್ ಬಂದಿತ್ತು. ನೀನು ಒಂದು ಕಡೆ ಎರಡು ಅಂತ ತಪ್ಪಾಗಿ ಬರೆದಿದ್ಯಲ್ಲ, ಸರಿಮಾಡಿದೆ.”

ಅವಳು ಅವನ ಮುಖವನ್ನೇ ನೋಡಿದಳು.

“ತಪ್ಪಾಗಿ ಬರೆದಿರಲಿಲ್ಲ,” ಎಂದಳು.

ಮಗಳು ಪುಸ್ತಕದಿಂದ ತಲೆಯೆತ್ತಲಿಲ್ಲ.

“ಹಾಗಾದ್ರೆ ಈಗ?”

“ಈಗೇನು, ನೀವೇ ಮೂರು ಅಂದಾಯ್ತಲ್ಲ. ಬನ್ನಿ. ಆದ್ರೆ ಅವರು ಕೊಡೋದು ಎರಡು ರೂಮಿನ ಮನೆ. ಒಂದು ನನಗೆ, ಒಂದು ಮಗಳಿಗೆ ಅಂತ ನಾವು ಮಾತಾಡ್ಕೊಂಡಾಗಿದೆ. ನೀವು ಹಾಲ್‌ನಲ್ಲಿ ಮಲಗಬೇಕಾಗುತ್ತೆ.”

“ಸೋಫಾ ಇದೆ ಅಪ್ಪಾ,” ಎಂದಳು ಮಗಳು, ಸಮಾಧಾನಕ್ಕೆ. “ಎಳೆದ್ರೆ ಹಾಸಿಗೆ ಆಗುತ್ತಂತೆ.”

“ಮತ್ತೆ! ಮುಂದುವರಿದ ದೇಶ ಅಲ್ವಾ,” ಎಂದ ಮೈಕ್ರಾನ್ ಸಾಹೇಬ.

ಯಾರೂ ನಗಲಿಲ್ಲ.