ಬುಜಾಂಗನ ಖಾಲಿ ಹೊಟ್ಟೆ

ಹೃದಯದ ಡಾಕ್ಟರು ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದೇ ಎಲ್ಲಕ್ಕೂ ಮೂಲವಾಯಿತು. ಮಲೇಷ್ಯಾದ ಕೂಚಿಂಗ್‌ ಪಟ್ಟಣದಲ್ಲಿ, ಅದೂ ಹೊಳೆಯಾಚೆಯ ಮಲಯರ ಕೇರಿಯಲ್ಲಿ, ಒಬ್ಬ ಮನುಷ್ಯ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆ ತಲುಪುವುದೆಂದರೆ ಹುಡುಗಾಟವೇ?

ಮೊನ್ನೆ ದೋಣಿ ಪಂದ್ಯದ ಅಭ್ಯಾಸದಲ್ಲಿ ಬುಜಾಂಗನಿಗೆ ತಲೆಸುತ್ತು ಬಂದಿತ್ತು. ಪಂದ್ಯಕ್ಕೆ ಹೆಸರು ಕೊಡಲು ಇವತ್ತು ಸಂಜೆಯೇ ಕಡೆ. ಅಷ್ಟರೊಳಗೆ ಗುಂಡಿಗೆ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದರೆ ಕೇರಿಯ ದೋಣಿಗೆ ಈ ವರ್ಷವೂ ಅವನದೇ ಚುಕ್ಕಾಣಿ. ಹೇಳದಿದ್ದರೆ ಆ ಜಾಗ ಪಕ್ಕದ ಮನೆಯ ಸಪುವಾನನ ಪಾಲು.

ಗೇಟು ದಾಟುವಷ್ಟರಲ್ಲಿ ಸರಿಪಾ ಚಿಕ್ಕಮ್ಮ ತಟ್ಟೆ ಹಿಡಿದು ಅಡ್ಡ ನಿಂತಳು.

"ತಗೋ ಬುಜಾಂಗ, ತೆಂಗಿನ ಹಾಲಿನ ಕಡುಬು."

"ಬೇಡ ಚಿಕ್ಕಮ್ಮ, ರಕ್ತ ಕೊಡ್ಬೇಕು."

"ಕೊಟ್ಟಿದ್ದನ್ನ ಬೇಡ ಅಂದು ಹೊಳೆ ದಾಟ್ತೀಯಾ? ಮೊಸಳೆ ಬಾಯಿಗೆ ಬೀಳ್ತೀಯ! ತಿನ್ನದಿದ್ರೆ ಹೋಗ್ಲಿ, ಮುಟ್ಟಾದ್ರೂ ಮುಟ್ಟು."

ನೀಡಿದ ತಿಂಡಿಯನ್ನು ಬೆರಳಿಂದಾದರೂ ಮುಟ್ಟದೆ ಹೊರಟವನಿಗೆ ದಾರಿಯಲ್ಲಿ ಕೇಡು ತಪ್ಪದು ಎನ್ನುವುದು ಅಲ್ಲಿ ಕೂಸಿಗೂ ಗೊತ್ತು. ಬುಜಾಂಗ ಮುಟ್ಟಿದ. ಮುಂದಿನ ಮನೆಯಲ್ಲಿ ಹುರಿದ ಮೀನು ಮುಟ್ಟಿದ, ಅದರಾಚೆ ಮನೆಯಲ್ಲಿ ಹಲಸಿನ ಪಲ್ಯ ಮುಟ್ಟಿದ. ದೋಣಿಕಟ್ಟೆ ತಲುಪುವ ಹೊತ್ತಿಗೆ ಬೆರಳು ಮದುವೆಯೂಟ ಮುಗಿಸಿತ್ತು, ಹೊಟ್ಟೆ ಮಾತ್ರ ತಾಳ ಹಾಕುತ್ತಿತ್ತು.

ದೋಣಿಯಲ್ಲಿ ಆಗಲೇ ಸಪುವಾನ್ ಕೂತಿದ್ದ. ತೊಡೆಯ ಮೇಲಿನ ಡಬ್ಬಿಯಲ್ಲಿ ಕೆಂಪು ಖಾರದ ಸಾರಿನ ಲಕ್ಸಾ ಶಾವಿಗೆ, ಮೇಲೆ ಸೀಗಡಿ.

"ಒಬ್ಬನ್ನೇ ಹೆಂಗೆ ಕಳಿಸೋದು ಅಂತ ನಾನೂ ಬಂದೆ ಕಣಣ್ಣ. ತಗೋ, ಎರಡು ತುತ್ತು."

"ನಿನ್ನ ಉಪಕಾರ ಸಾಕಪ್ಪ!"

"ಮುಟ್ಟೋ ತನಕ ದೋಣಿ ಬಿಡಲ್ಲ," ಎಂದು ಅಂಬಿಗ ಹುಟ್ಟು ಮೇಲೆತ್ತಿದ. "ನನಗೂ ಹೆಂಡ್ತಿ ಮಕ್ಕಳಿದಾರೆ."

ಬುಜಾಂಗ ಸಿಟ್ಟಿನಿಂದ ಬೆರಳದ್ದಿದ. ಅದೇ ಬೆರಳಿಂದ ಬೆವರು ಒರೆಸಿಕೊಂಡಾಗ ಖಾರವೆಲ್ಲ ಕಣ್ಣಿಗೆ ಹೋಯಿತು. ಕಣ್ಣೀರು ಸುರಿಸುತ್ತ ಕೂತವನ ಬೆನ್ನು ಸವರಿದ ಸಪುವಾನ್, "ಅಳಬೇಡಣ್ಣ, ಎಲ್ಲರೂ ಒಂದಿನ ಹೋಗೋರೇ. ಚುಕ್ಕಾಣಿ ನಾನು ನೋಡ್ಕೋತೀನಿ," ಎಂದು ದೋಣಿಗೆಲ್ಲ ಕೇಳುವಂತೆ ಸಮಾಧಾನ ಹೇಳಿದ.

ಆಸ್ಪತ್ರೆಯಲ್ಲಿ ಕಾದು ಕಾದು ಮಧ್ಯಾಹ್ನವಾಯಿತು. ಕೊನೆಗೂ ಒಳಗೆ ಕರೆದಾಗ ಡಾಕ್ಟರ್ ರಕಾವಿ ಊಟದ ಪೊಟ್ಟಣ ಬಿಚ್ಚುತ್ತಿದ್ದರು. ತೆಂಗಿನ ಹಾಲಿನ ಅನ್ನ, ಹುರಿದ ಕೋಳಿ.

"ಬನ್ನಿ ಮಾವ, ಕೂತ್ಕೊಳ್ಳಿ. ಊಟ ಮಾಡಿ," ಎಂದು ಪೊಟ್ಟಣ ಮುಂದೆ ತಳ್ಳಿ, ಕಂಪ್ಯೂಟರಿನ ಕಡೆ ತಿರುಗಿದರು.

ಬೇಡವೆಂದವರೇ ಬಡಿಸುವಾಗ ಇನ್ನೆಂಥ ಪಥ್ಯ? ಡಾಕ್ಟರು ವರದಿ ಓದಿ ಮುಗಿಸುವಷ್ಟರಲ್ಲಿ ಪೊಟ್ಟಣದಲ್ಲಿ ಮೂಳೆಗಳಷ್ಟೇ ಉಳಿದಿದ್ದವು.

"ಇಸಿಜಿ ಚೆನ್ನಾಗಿದೆ ಮಾವ. ರಕ್ತ ಒಂದು ನೋಡಿದ್ರೆ ಇವತ್ತೇ ಒಪ್ಪಿಗೆ ಕೊಡ್ತೀನಿ. ಬೆಳಗಿಂದ ಏನೂ ತಿಂದಿಲ್ಲ ತಾನೇ?"

"ಒಂದಗುಳೂ ಇಲ್ಲ ಡಾಕ್ಟ್ರೇ! ಬರೀ ನೀವು ಕೊಟ್ಟಿದ್ದು."

ಡಾಕ್ಟರು ಪೊಟ್ಟಣ ನೋಡಿದರು, ಬುಜಾಂಗನನ್ನು ನೋಡಿದರು.

"ಅಯ್ಯೋ ಮಾವ! ಎದುರಿಗೆ ಕೂತೋರನ್ನ ಕರೀದೆ ನಾನು ತಿನ್ನೋಕಾಗುತ್ತಾ? ಬಾಯಿಮಾತಿಗೆ ಕರೆದೆ. ನೀವು ಮುಟ್ಟಿ ಬಿಟ್ಟಿದ್ರೆ ಸಾಕಿತ್ತು! ಹೋಗಿ, ನಾಳೆ ಖಾಲಿ ಹೊಟ್ಟೇಲಿ ಬನ್ನಿ."

ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದ ಸಪುವಾನ್ ಲಗುಬಗೆಯಿಂದ ಡಬ್ಬಿಯ ಮುಚ್ಚಳ ತೆಗೆದ.

"ಹೆಂಗೂ ಕೆಟ್ಟೋಯ್ತಲ್ಲಣ್ಣ, ಈಗಲಾದ್ರೂ ತಿನ್ನು. ಸಂಜೆ ನನ್ನ ಹೆಸರೇ ಕೊಟ್ಬಿಡ್ತೀನಿ."

ಬುಜಾಂಗನ ಹೊಟ್ಟೆಯಲ್ಲಿ ಈಗ ಒಂದು ತುತ್ತಿಗೂ ಜಾಗವಿರಲಿಲ್ಲ. ಆದರೆ ಹೊಳೆ ದಾಟಿ ಮನೆಗೆ ಹೋಗಬೇಕಲ್ಲ. ಹಲ್ಲು ಕಚ್ಚಿಕೊಂಡು ಬೆರಳು ಚಾಚಿ ಮುಟ್ಟಿದ.