ಯಶೋದೆಯ ಎಲೆಅಡಿಕೆ

ಟೀವಿಯ ಬಾಯಿಂದ ತನ್ನ ಮಕ್ಕಳನ್ನು ಪಾರು ಮಾಡಿಯೇ ತೀರುವೆನೆಂದು ತನುಜ ಪ್ರತಿಜ್ಞೆ ಮಾಡಿದ್ದು ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ವರ್ಷದ ನವರಾತ್ರಿಯಲ್ಲಿ, ದೋಸೆಗೆ ರುಬ್ಬುತ್ತಾ. ಪುರಾಣಗಳಲ್ಲಾದರೆ ಇಂಥ ಪ್ರತಿಜ್ಞೆಗೆ ಆಕಾಶದಿಂದ ಹೂಮಳೆ ಸುರಿಯುತ್ತದೆ. ಗೌರಿಬಿದನೂರಿನ ಆ ಅಡುಗೆಮನೆಯಲ್ಲಿ ಕರೆಂಟು ಹೋಯಿತು.

ತನುಜ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಮಕ್ಕಳನ್ನು ಬೆಳೆಸುವುದು ಹೇಗೆಂಬ ದಪ್ಪ ಪುಸ್ತಕಗಳನ್ನು ಅಡಿಗೆರೆ ಎಳೆದು ಓದಿದವಳು. ಕಾಯಿಸಿ ಆರಿಸಿದ ನೀರನ್ನು, ಆರುವಾಗ ಏನಾದರೂ ಬಿದ್ದಿದ್ದರೆ ಎಂದು, ಮತ್ತೊಮ್ಮೆ ಕಾಯಿಸುವವಳು. ಗಂಡ ಅಂಬರೀಶ್ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಆ ಮನೆಯಲ್ಲಿ ಸೊಸೆಯ ಜೊತೆಗೆ ಕನ್ನಡ, ಮಿಕ್ಕ ಎಲ್ಲಾ ವ್ಯವಹಾರಕ್ಕೂ ತೆಲುಗು. ಎಂಟು ವರ್ಷದ ಸಂಘಮಿತ್ರ, ಐದು ವರ್ಷದ ಜಗನ್ ಇಬ್ಬರೂ ಅಜ್ಜಿಯ ಮಡಿಲಲ್ಲೇ ತೆಲುಗು ಕಲಿತಿದ್ದರು. ತನುಜ ಮಾತ್ರ ಒಂದಕ್ಷರ ಕಲಿತಿರಲಿಲ್ಲ. ಅಗತ್ಯ ಬಿದ್ದಿರಲಿಲ್ಲ ಎಂಬುದು ಅವಳ ವಾದ.

ಮಧ್ಯಾಹ್ನ ಸ್ಕೂಲು ಮುಗಿಸಿ ಬಂದ ಮಕ್ಕಳು ಅಜ್ಜಿ ಲಕ್ಷ್ಮಿದೇವಮ್ಮನವರ ಅಕ್ಕಪಕ್ಕ ಕೂತು ತೆಲುಗು ಸೀರಿಯಲ್ ನೋಡುತ್ತಿದ್ದುದೇ ಪ್ರತಿಜ್ಞೆಗೆ ಮೂಲ.

"ಅತ್ತೆ, ಆ ಸೀರಿಯಲ್ ನೋಡಿ ಮಕ್ಕಳ ಸಂಸ್ಕಾರ ಕೆಡತ್ತೆ. ನಾಡಿದ್ದು ಸಂಜೆ ಟೌನ್ ಹಾಲಲ್ಲಿ ಶಾಸ್ತ್ರೀಯ ನೃತ್ಯ ಇದೆ. ಕರ್ಕೊಂಡು ಹೋಗ್ತೀನಿ."

"ಬಸ್‌ಸ್ಟ್ಯಾಂಡ್ ಹತ್ರ ಆರ್ಕೆಸ್ಟ್ರಾನೂ ಇದೆಯಂತಲ್ಲಮ್ಮ," ಎಂದರು ಅತ್ತೆ.

"ಸಿನಿಮಾ ಹಾಡಿಗೆ ಕುಣಿಯೋ ರೆಕಾರ್ಡ್ ಡ್ಯಾನ್ಸಾ? ಅದಕ್ಕಿಂತ ಸೀರಿಯಲ್ಲೇ ವಾಸಿ."

"ಹಂಗಾದ್ರೆ ಸೀರಿಯಲ್ಲೇ ಇರ್ಲಿ ಬಿಡು."

ವಾದ ಬೆಳೆಯಿತು. ಕೊನೆಗೆ ಒಪ್ಪಂದವಾಯಿತು. ನೃತ್ಯ ನೋಡಿ ಮಕ್ಕಳು ಒಳ್ಳೆಯದೇನಾದರೂ ಕಲಿತರೆ ಮರುದಿನವೇ ಕೇಬಲ್ ಕನೆಕ್ಷನ್ ಕಟ್. ಇಲ್ಲವಾದರೆ ಸೀರಿಯಲ್ಲಿನ ಸುದ್ದಿಗೆ ತನುಜ ಇನ್ನೆಂದೂ ಬರಕೂಡದು. ಅತ್ತೆಗೆ ಅವಳು ಇನ್ನೊಂದು ಷರತ್ತನ್ನೂ ಹಾಕಿದಳು: "ಅಲ್ಲಿ ಮಕ್ಕಳಿಗೆ ಅರ್ಥ ಹೇಳೋದು ನಾನು. ನೀವು ಮಧ್ಯೆ ಬಾಯಿ ಹಾಕಬಾರ್ದು."

"ನಾನ್ಯಾಕೆ ಹಾಕ್ಲಮ್ಮ," ಎಂದರು ಲಕ್ಷ್ಮಿದೇವಮ್ಮ.

ಟೌನ್ ಹಾಲಿನಲ್ಲಿ ಎರಡನೇ ಸಾಲಿನ ನಟ್ಟನಡುವೆ ಜಾಗ ಸಿಕ್ಕಿತು. ಮುಂದಿನ ಸಾಲಿನಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಪುಟ್ಟಸ್ವಾಮಯ್ಯ. ಹಿಂದೆ ತಿರುಗಿ ಮಕ್ಕಳ ತಲೆ ಸವರಿ, "ಈ ಕಾಲದಲ್ಲಿ ಮಕ್ಕಳನ್ನ ಇಂಥದ್ದಕ್ಕೆ ಕರ್ಕೊಂಡು ಬರೋ ತಾಯಂದಿರು ಎಲ್ಲಿದಾರಮ್ಮ," ಎಂದರು. ತನುಜ ಅಲ್ಲೇ ಕೂತಲ್ಲೇ ಒಂದು ಇಂಚು ಬೆಳೆದಳು.

ಗಣೇಶನ ಸ್ತುತಿ ಆಯಿತು, ಸರಸ್ವತಿಯದೂ ಆಯಿತು. ಆಮೇಲೆ ದೀಪ ತುಸು ಮಂದವಾಯಿತು. ನರ್ತಕಿ ನೆಲದ ಮೇಲೆ ಕೂತು, ಬಾಗಿಲ ಕಡೆ ನೋಡಿ ನಿಟ್ಟುಸಿರು ಬಿಟ್ಟಳು. ಹಾಡು ತೆಲುಗಿನಲ್ಲಿತ್ತು. ಹಾಡು ಯಾವ ಭಾಷೆಯದಾದರೇನು, ಭಕ್ತಿಗೆ ಭಾಷೆಯ ಹಂಗಿದೆಯೇ?

"ಯಶೋದೆ," ಎಂದು ತನುಜ ಮಕ್ಕಳ ಕಿವಿಯಲ್ಲಿ ಘೋಷಿಸಿದಳು. "ಹಸು ಮೇಯಿಸೋಕೆ ಹೋದ ಕೃಷ್ಣ ಇನ್ನೂ ಬಂದಿಲ್ಲ ಅಂತ ಕಾಯ್ತಿದಾಳೆ."

ನರ್ತಕಿ ಬರಿಗೈಯಲ್ಲೇ ಹಾಸಿಗೆ ಹಾಸಿ ಹೂ ಚೆಲ್ಲಿದಳು.

"ಪಾಪೂಗೆ ಮಲಗೋಕೆ."

ನರ್ತಕಿ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ನಾಜೂಕಾಗಿ ಮಡಿಸಿದಳು. ಜಗನ್ ಕುರ್ಚಿಯಲ್ಲಿ ಎದ್ದು ಮಂಡಿಯೂರಿ ಕೂತ. "ಅಮ್ಮ, ಕೃಷ್ಣ ಪಾಪು ಎಲೆಅಡಿಕೆ ಹಾಕ್ಕೊಳ್ತಾನಾ?"

"ಅದು... ಯಶೋದೆ ತನಗೆ ಮಾಡ್ಕೊಳ್ತಿದಾಳೆ. ನಿದ್ದೆ ಬರಬಾರ್ದು ಅಂತ."

ಪಕ್ಕದಲ್ಲಿ ಲಕ್ಷ್ಮಿದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಸೊಸೆಯ ಷರತ್ತನ್ನು ಇಷ್ಟು ಅಕ್ಷರಶಃ ಪಾಲಿಸುವ ಅತ್ತೆಯರು ಅಪರೂಪ.

ವೇದಿಕೆಯ ಮೇಲೆ ಬೆಳಗಾಯಿತು. ಕೊನೆಗೂ, ನರ್ತಕಿಯ ಕಣ್ಣಿಗೆ ಮಾತ್ರ ಕಾಣುವಂತೆ, ಹಾಡಿನ ಸ್ವಾಮಿ ಬಂದ. ನರ್ತಕಿ ಅವನ ಸುತ್ತ ಒಂದು ಸುತ್ತು ಬಂದು, ಭುಜ ಮೂಸಿ, ಮುಖ ಕಿವಿಚಿದಳು.

"ಬೆಣ್ಣೆ ವಾಸನೆ," ಎಂದಳು ತನುಜ, ಈ ಬಾರಿ ನಿಶ್ಚಿಂತೆಯಿಂದ. "ಊರವರ ಮನೇಲೆಲ್ಲ ಕದ್ದು ತಿಂದು ಬಂದಿದಾನಲ್ಲ."

"ಬೆಣ್ಣೆ ಅಂತ ಹಾಡಲೇ ಇಲ್ಲಮ್ಮ," ಎಂದಳು ಸಂಘಮಿತ್ರ. ಅವಳ ಧ್ವನಿ ಸ್ಕೂಲಿನ ಪ್ರಾರ್ಥನೆಗೆ ಹೇಳಿ ಮಾಡಿಸಿದ್ದು. "ಹೆಗಲ ಮೇಲಿರೋ ಕುಂಕುಮ ಯಾರದು ಅಂತ ಕೇಳ್ತಿದಾಳೆ. ಅವಳ ಮನೇಲೇ ಮಲಗಿದ್ದೆಯಲ್ಲ, ಅಲ್ಲಿಗೇ ಹೋಗು, ನನ್ನ ಮುಟ್ಟಬೇಡ ಅಂತಿದಾಳೆ. ಅವಳು ಅಂದ್ರೆ ಯಾರಮ್ಮ?"

ಎರಡು ಸಾಲು ತಿರುಗಿ ನೋಡಿತು. ಪುಟ್ಟಸ್ವಾಮಯ್ಯನವರು ಮಾತ್ರ ತಿರುಗಲಿಲ್ಲ. ಅವರ ಕಿವಿಗಳು ಕೆಂಪಾದವು.

ತನುಜ ಎದ್ದು ಹೋಗಬಹುದಿತ್ತು. ಆದರೆ ನಟ್ಟನಡುವಿನ ಜಾಗ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ಊರಿನ ಗಣ್ಯರ ಮೊಣಕಾಲು ದಾಟಬೇಕು. ಜಗನ್‌ನ ಕಣ್ಣಿಗೆ ಕೈ ಅಡ್ಡ ಹಿಡಿದಳು. ಕಣ್ಣು ಮುಚ್ಚಿದರೇನು, ಅವನಿಗೆ ತೆಲುಗು ಬರುತ್ತಿದ್ದುದು ಕಿವಿಯಲ್ಲಿ.

ಮನೆಗೆ ನಡೆಯುತ್ತಾ ತನುಜ ಆಜ್ಞೆ ಹೊರಡಿಸಿದಳು. "ಅದು ಜೀವಾತ್ಮ ಪರಮಾತ್ಮನ್ನ ಬೈಯೋದು. ದೊಡ್ಡೋರಾದ ಮೇಲೆ ಅರ್ಥ ಆಗತ್ತೆ. ಈ ವಿಷಯ ಯಾರ ಹತ್ರಾನೂ ಮಾತಾಡಬಾರ್ದು."

"ಸರಿಯಮ್ಮ," ಎಂದಳು ಸಂಘಮಿತ್ರ. ಮಾತಾಡಬಾರದೆಂದು ಅಮ್ಮ ಹೇಳಿದ್ದಳು. ಕುಣಿಯಬಾರದೆಂದು ಯಾರೂ ಹೇಳಿರಲಿಲ್ಲ.

ಮರುದಿನ ಆಯುಧಪೂಜೆ. ಬೆಳಿಗ್ಗೆಯೇ ಬೀದಿಯವರೆಲ್ಲ ಬಕೆಟ್ಟು ಹಿಡಿದು ಹೊರಗಿದ್ದರು. ಸ್ಕೂಟರು, ಸೈಕಲ್ಲು, ಟ್ರ್ಯಾಕ್ಟರು ಎಲ್ಲಕ್ಕೂ ಸ್ನಾನ. ಎದುರುಮನೆಯ ಕೊಂಡಮ್ಮ ಮಗನ ಆಟೋವನ್ನು ಎಮ್ಮೆ ತಿಕ್ಕಿದಂತೆ ತಿಕ್ಕುತ್ತಿದ್ದರು. ರಾತ್ರಿ ಪಾಳಿ ಮುಗಿಸಿದ ಅಂಬರೀಶ್, ಫ್ಯಾಕ್ಟರಿಯ ಪೂಜೆಗೆಂದು ನಿಂತು, ತಡವಾಗಿ ಬಂದ. ಕಣ್ಣು ಕೆಂಪು. ಬಾಯಲ್ಲಿ ಎಲೆಅಡಿಕೆ. ಹೆಗಲ ಮೇಲೆ ಕುಂಕುಮ. ಜೇಬಿನಲ್ಲಿ ಒಂದು ಮೊಳ ಮಲ್ಲಿಗೆ, ಕೈಯಲ್ಲಿ ಬೂಂದಿಯ ಪೊಟ್ಟಣ.

ಬಾಗಿಲಲ್ಲಿ ಸಂಘಮಿತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅಪ್ಪನ ಸುತ್ತ ಒಂದು ಸುತ್ತು ಬಂದಳು. ತೋಳು ಎಳೆದು ಮೂಸಿದಳು. ಮುಖ ಕಿವಿಚಿ, ಬೆರಳು ಚಾಚಿ, ಪ್ರಾರ್ಥನೆಯ ಧ್ವನಿಯಲ್ಲಿ ಹಾಡಿದಳು:

"ಎವರಿದಿ ಈ ಕುಂಕುಮ, ಸ್ವಾಮೀ..."

ತೆಲುಗು ಬಾರದ ತನುಜಳ ನಿದ್ದೆಯನ್ನೂ ಆ ಸಾಲು ರಾತ್ರಿಯಿಡೀ ಕೆಡಿಸಿತ್ತು. ಅರ್ಥ ಕೇಳುವ ಅಗತ್ಯವೇ ಇರಲಿಲ್ಲ. ಬೀದಿಯಲ್ಲಂತೂ ಅರ್ಥವಾಗದವರು ಒಬ್ಬರೂ ಇರಲಿಲ್ಲ. ಬಕೆಟ್ಟುಗಳೆಲ್ಲ ನೆಲಕ್ಕೆ ಬಂದವು.

"ಲೇತ್ ಮೆಷಿನ್‌ದು ಕಣಮ್ಮ," ಎಂದ ಅಂಬರೀಶ್, ಸತ್ಯವನ್ನೇ.

"ಹಂಗಾದ್ರೆ ಅಲ್ಲಿಗೇ ಹೋಗು," ಎಂದು ಜಗನ್ ಬಾಗಿಲು ಹಾಕಿಕೊಂಡ.

ಹಿತ್ತಲಲ್ಲಿದ್ದ ತನುಜ ಮನೆ ಸುತ್ತಿ ಬೀದಿಗೆ ಓಡಿದಳು. ಗಂಡ ಬೂಂದಿ ಹಿಡಿದು ಹೊಸಿಲಾಚೆ ನಿಂತಿದ್ದ. ಕೊಂಡಮ್ಮ ಅವನನ್ನೂ ಹೆಗಲಿನ ಕುಂಕುಮವನ್ನೂ ಜೇಬಿನ ಮಲ್ಲಿಗೆಯನ್ನೂ ಒಂದೊಂದಾಗಿ ನೋಡಿ ಮುಗಿಸಿದ್ದರು.

"ಅದು ಡ್ಯಾನ್ಸ್ ಕಣ್ರೀ ಕೊಂಡಮ್ಮ," ಎಂದಳು ತನುಜ. "ಶಾಸ್ತ್ರೀಯ. ನಿನ್ನೆ ನಾನೇ ಕರ್ಕೊಂಡು ಹೋಗಿದ್ದೆ. ಭುಜ ಮೂಸೋದು, ಹೊರಗೆ ಕಳಿಸೋದು, ಎಲ್ಲಾ ಅದರಲ್ಲಿ ಬರತ್ತೆ."

"ಹೌದೌದು," ಎಂದರು ಕೊಂಡಮ್ಮ, ಬಹಳ ಕರುಣೆಯಿಂದ. "ಬಿಡು ತಾಯಿ. ಎಲ್ಲರ ಮನೇಲೂ ಇದ್ದದ್ದೇ. ಹಬ್ಬದ ದಿನ ಒಳಗೆ ಬಿಟ್ಕೋ."

ಬಾಗಿಲು ತೆಗೆಸಿದ್ದು ಲಕ್ಷ್ಮಿದೇವಮ್ಮ. ನಕ್ಕೂ ನಕ್ಕೂ ಅವರಿಗೆ ಬಿಕ್ಕಳಿಕೆ ಹತ್ತಿತ್ತು. ಅಂಬರೀಶನಿಗೆ ಕಥೆಯೆಲ್ಲ ಗೊತ್ತಾದದ್ದು ಸ್ನಾನ ಮಾಡಿ, ಕುಂಕುಮ ತೊಳೆದು, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುವಾಗ. ಅವನು ಕೇಳಿದ್ದು ಒಂದೇ ಮಾತು: "ಆರ್ಕೆಸ್ಟ್ರಾಗೆ ಹೋಗ್ಬೋದಿತ್ತಲ್ವಾ?"

ಮಧ್ಯಾಹ್ನ ಸೀರಿಯಲ್ಲಿನ ಹೊತ್ತಿಗೆ ಅತ್ತೆ ಗೋಡೆಗೊರಗಿ ಕೂತಿದ್ದರು. ರಿಮೋಟು ಅವರ ಪಕ್ಕದಲ್ಲೇ ಇತ್ತು. ಮುಟ್ಟಿರಲಿಲ್ಲ. ತನುಜ ತಾನೇ ಬಂದು ಗುಂಡಿ ಒತ್ತಿದಳು. ನಿಂತಲ್ಲೇ ಕೇಳಿದಳು.

"ಅತ್ತೆ, ಇದರಲ್ಲಿ ಗಂಡ ಅನ್ನೋನು... ಹೇಗೆ?"

"ಅವನಾ? ಬಂಗಾರದಂಥೋನು. ಆಕ್ಸಿಡೆಂಟಾಗಿ ಎಂಟು ತಿಂಗಳಿಂದ ಕೋಮಾದಲ್ಲಿದಾನಮ್ಮ. ಎಲ್ಲೂ ಹೋಗಲ್ಲ."

ಇಷ್ಟು ಶೀಲವಂತ ಗಂಡ ಊರೆಲ್ಲ ಹುಡುಕಿದರೂ ಸಿಗುವುದಿಲ್ಲವೆನಿಸಿತು ತನುಜಳಿಗೆ. ಇಬ್ಬರು ಮಕ್ಕಳನ್ನೂ ಕರೆದು ಟೀವಿಯ ಮುಂದೆ ಕೂರಿಸಿ, ತಾನೂ ಕೂತಳು.

ಆ ದಿನದ ಕಂತಿನ ಕೊನೆಯಲ್ಲಿ ಗಂಡ ಕಣ್ಣು ಬಿಟ್ಟ. ತುಟಿ ಅಲುಗಿಸಿ ಒಂದು ಹೆಸರು ಹೇಳಿದ. ಗುಡುಗಿನ ಸದ್ದಿನೊಂದಿಗೆ ಕ್ಯಾಮೆರಾ ಹೆಂಡತಿಯ ಮುಖಕ್ಕೆ ಮೂರು ಸಲ ನುಗ್ಗಿತು. ಅದು ಹೆಂಡತಿಯ ಹೆಸರಲ್ಲವೆಂದು ತಿಳಿಯಲು ತನುಜಳಿಗೆ ತೆಲುಗು ಬೇಕಾಗಲಿಲ್ಲ.