ಗೇಣಿಗೆ ನಾಲ್ಕು ಬೆರಳು ಕಮ್ಮಿ

ಆವತ್ತೂ ನಾನು ಎಂದಿನಂತೆ ಐದೂವರೆಗೆ ಎದ್ದು, ಹಾಲು ಕಾಯಲಿಟ್ಟು, ಜೋಳದ ಹಿಟ್ಟಿನ ಡಬ್ಬಿ ಇಳಿಸಿ, ಎರಡು ರೊಟ್ಟಿ ಬಡಿಯುವಷ್ಟರಲ್ಲಿ ನಮ್ಮ ಭಾವನವರು ಅಂಗಳದಲ್ಲಿ ಕೂತು ಕಾರಿನ ಹಲ್ಲು ನೋಡುತ್ತಿದ್ದರು. ಸುಳ್ಳಲ್ಲ. ಹಿಂದಿನ ಸಂಜೆ ಪುಣೆಯಿಂದ ಲಾರಿಯ ಮೇಲೆ ಬಂದಿಳಿದ ಕೆಂಪು ಕಾರು ಅದು. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೂತಿಯ ಜಾಲರಿಯೊಳಗೆ ಬೆರಳಾಡಿಸಿ, ಏನೋ ಲೆಕ್ಕ ಹಾಕಿ, ತೃಪ್ತಿಯಿಂದ ತಲೆಯಾಡಿಸಿದರು. ಇವರಷ್ಟು ಶಾಣ್ಯಾ ಮನುಷ್ಯ ಕಾಗವಾಡ ತಾಲೂಕಿನಲ್ಲೇ ಇನ್ನೊಬ್ಬರಿಲ್ಲವಂತೆ. ಹಾಗೆಂದು ಅವರೇ ಹೇಳುತ್ತಾರೆ. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇವರು ನನ್ನ ಗಂಡನ ಅಣ್ಣ. ಕಬ್ಬು, ದ್ರಾಕ್ಷಿಯ ಒಕ್ಕಲುತನ. ತಲೆಯ ಮೇಲೆ ಬಿಳಿ ಟೋಪಿ, ಹೆಗಲ ಮೇಲೆ ಟಾವೆಲ್ಲು. ಜನ್ಮವೆಲ್ಲ ಹೋರಿ ಕೊಂಡು ಕೊಂಡು, ಜಗತ್ತಿನ ಸಕಲ ವಸ್ತುಗಳನ್ನೂ ಹೋರಿಯ ಹಾಗೆಯೇ ಕೊಳ್ಳುವುದು ಅವರಿಗೆ ರೂಢಿಯಾಗಿದೆ. ಫ್ರಿಜ್ ತಂದಾಗ ಅದರ ಬೆನ್ನು ಚಪ್ಪರಿಸಿ ಬೆದರುತ್ತದೋ ಇಲ್ಲವೋ ನೋಡಿದರು. ನನ್ನನ್ನು ನೋಡಲು ಬಂದಾಗ, "ನಾಕ್ ಹೆಜ್ಜಿ ನಡದ ತೋರಸವಾ" ಎಂದವರೂ ಇವರೇ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ನಾನು ತಲೆ ತಗ್ಗಿಸಿ ನಡೆದು ತೋರಿಸಿದೆ. ಏನು ಮಾಡುವುದು! ಸುಳಿ ಶುದ್ಧವಿತ್ತೆಂದು ಕಾಣುತ್ತದೆ, ಒಪ್ಪಿದರು. ಹಿರಿಯರನ್ನು ಆಡಿಕೊಳ್ಳಬಾರದು ಎಂದು ನಮ್ಮ ಸಿಸ್ಟರ್ ಕಲಿಸಿದ್ದರು. ಪಾಪ, ಅವರಿಗೆ ನಮ್ಮ ಭಾವನವರು ಗೊತ್ತಿರಲಿಲ್ಲ.

ಭಾವನವರಿಗೆ ಒಬ್ಬನೇ ಮಗ. ಈಗಷ್ಟೇ ಹದಿನೆಂಟು ತುಂಬಿ ಲೈಸನ್ಸು ಬಂದಿದೆ. ಪಿಯುಸಿಯನ್ನು ಎರಡು ಕಂತಿನಲ್ಲಿ ಪಾಸು ಮಾಡಿ ಬಹಳ ದಣಿದಿದ್ದ. ದಣಿವಾರಿಸಿಕೊಳ್ಳಲು ಅವನಿಗೊಂದು ದೊಡ್ಡ ಬೈಕು ಬೇಕಿತ್ತು. ಬೈಕಿನ ಹೆಸರೆತ್ತಿದರೆ ಭಾವನವರು ತಾಟು ಬಿಟ್ಟು ಏಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಅವರ ಕಿರಿಯ ತಮ್ಮ ಇಪ್ಪತ್ತು ದಾಟುವ ಮೊದಲೇ ಊರ ಹೊರಗಿನ ಹುಣಸೆಮರದ ತಿರುವಿನಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡರು. ನಾನು ಈ ಮನೆಗೆ ಬರುವ ಮೊದಲಿನ ಮಾತು. ಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ನಡುಮನೆಯ ಗೋಡೆಯ ಮೇಲಿನ ಅವರ ಫೋಟೋದ ಧೂಳನ್ನು ಭಾವನವರು ದಿನಾ ತಮ್ಮ ಟಾವೆಲ್ಲಿನಿಂದಲೇ ಒರೆಸುತ್ತಾರೆ. ನನ್ನ ಅರಿವೆ ಅದಕ್ಕೆ ತಾಗಕೂಡದು.

ಸರಿ, ಬೈಕು ಬೇಡ ಎನ್ನುವುದು ತಿಳಿಯುತ್ತದೆ. ಆದರೆ ಮಗ ಎಂಟು ದಿನ ಉಪವಾಸ ಕೂತನೆಂದು (ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ದಿನಕ್ಕೆ ನಾಲ್ಕು ರೊಟ್ಟಿ ಕಾಣೆಯಾಗುತ್ತಿದ್ದವು, ಅದು ಬೇರೆ ಮಾತು) ಬೈಕಿಗಿಂತ ಜೋರಾಗಿ ಓಡುವ ಸ್ಪೋರ್ಟ್ಸ್ ಕಾರು ಕೊಡಿಸುವ ತಂದೆಗೆ ಏನೆನ್ನಬೇಕು? ಚೂರಿ ಬೇಕೆಂದು ಅತ್ತ ಕೂಸಿನ ಕೈಗೆ ಕೊಡಲಿ ಕೊಟ್ಟ ಹಾಗಲ್ಲವೇ! ನನಗೂ ನನ್ನ ಗಂಡನಿಗೂ ಒಂದೇ ಚಿಂತೆ: ಈ ಹುಡುಗ ಅದರೊಳಗೆ ಎಷ್ಟು ದಿನ ಉಳಿದಾನು?

ಅದನ್ನು ಕೊಂಡ ಚಂದವನ್ನು ಹೋದ ತಿಂಗಳು ಪುಣೆಗೆ ಜೊತೆಯಲ್ಲಿ ಹೋಗಿದ್ದ ನನ್ನ ಗಂಡನ ಬಾಯಲ್ಲೇ ಕೇಳಬೇಕು. ಸೆಕೆಂಡ್ ಹ್ಯಾಂಡ್ ಕಾರುಗಳ ದೊಡ್ಡ ಮಳಿಗೆಯಂತೆ, ನೆಲದಲ್ಲಿ ಮುಖ ಕಾಣುತ್ತಿತ್ತಂತೆ. ಮಗ ಎಷ್ಟು ಜೋರು ಓಡುತ್ತದೆಂದು ಕೇಳುತ್ತಿದ್ದರೆ ತಂದೆ ಒಂದೊಂದೇ ಕಾರಿನ ಪಕ್ಕದಲ್ಲಿ ನೆಲಕ್ಕೆ ಕೂತು, ಅದರ ಹೊಟ್ಟೆಯ ಕೆಳಗೆ ಕೈ ತೂರಿಸಿ ಗೇಣು ಹಾಕುತ್ತಿದ್ದರಂತೆ. ಆರು ಕಾರಿನ ಹೊಟ್ಟೆ ಸವರಿ, ಈ ಕೆಂಪು ಕಾರಿನ ಕೆಳಗೆ ಗೇಣೂ ಹಿಡಿಯದೆ ಇದ್ದಾಗ ಮುಖ ಅರಳಿತಂತೆ. "ಗೇಣಿಗೆ ನಾಕ್ ಬೆರಳ ಕಮ್ಮಿ ಐತಿ. ಇದs ಆಗಲಿ" ಎಂದರಂತೆ. ಹೊಟ್ಟೆ ನೋಡಿ ಹೋರಿಯನ್ನಾದರೂ ಕೊಳ್ಳಬಹುದು, ಕಾರನ್ನು ಕೊಳ್ಳುತ್ತಾರೆಯೇ?

ಆಮೇಲೆ ವ್ಯಾಪಾರ. ಟೈ ಕಟ್ಟಿಕೊಂಡ ಹುಡುಗ ಬೆಲೆ ಹೇಳಿದ. ಭಾವನವರು ಹೆಗಲ ಟಾವೆಲ್ಲು ತೆಗೆದು ಅವನ ಕೈಯ ಮೇಲೆ ಹೊದಿಸಿ, ಒಳಗಿನಿಂದ ಬೆರಳು ಹಿಡಿದು ಒತ್ತಿದರು. ಜಾನುವಾರು ಸಂತೆಯಲ್ಲಿ ನಾಲ್ವರಿಗೆ ಬೆಲೆ ತಿಳಿಯಬಾರದೆಂದು ಹಾಗೆ ಮಾಡುತ್ತಾರೆ, ಒಂದೊಂದು ಬೆರಳಿಗೆ ಒಂದೊಂದು ಅರ್ಥ. ಟೈ ಹುಡುಗನಿಗೆ ಅದೇನು ಗೊತ್ತು? ಕಾಕಾನಿಗೆ ತಲೆ ತಿರುಗುತ್ತಿದೆ ಎಂದುಕೊಂಡು ಕುರ್ಚಿ ಹಾಕಿ, ನೀರು ಕುಡಿಸಿ, ಮರಾಠಿಯಲ್ಲಿ ಸಮಾಧಾನ ಹೇಳಿದನಂತೆ. ಬೆಲೆ ಮಾತ್ರ ಒಂದು ಬೆರಳಿನಷ್ಟೂ ಇಳಿಸಲಿಲ್ಲ.

ತಂದೆಯದು ಹೀಗಾದರೆ ತಾಯಿಯದು? ನನ್ನ ನೆಗೆಣ್ಣಿ, ನಾನು ಅಕ್ಕ ಎಂದು ಕರೆಯುವವರು, ಕಾರಿಗೆ ಚಳಿ ಆದೀತೆಂದು ತಿಂಗಳಿಡೀ ಕೂತು ಒಂದು ಕೌದಿ ಹೊಲಿದರು. ಕಾರಿನ ಉದ್ದಕ್ಕೂ ಹೊದೆಯುವ ಕೌದಿ! ಮನೆಯಲ್ಲಿದ್ದ ಹಳೆಯ ಸೀರೆಗಳೆಲ್ಲ ಅದರೊಳಗೆ ಹೋದವು. ಆವತ್ತು ಬೆಳಿಗ್ಗೆ ಚಹಾ ಹಿಡಿದು ಹೊರಗೆ ಬಂದಾಗ ಕಾರಿನ ಮೂತಿಯ ಮೇಲೆ ಗಿಳಿಹಸಿರು ಅಂಚು ಕಂಡಿತು. ನನ್ನ ಮದುವೆಯ ಸೀರೆ. ಕಪ್ಪನ್ನು ಸ್ವಲ್ಪ ಸಪ್ಪಳವಾಗುವಂತೆ ಇಟ್ಟೆ.

ಒಂಬತ್ತಕ್ಕೆ ಊರ ಹೊರಗಿನ ಹನುಮಪ್ಪನ ಗುಡಿಗೆ ಪೂಜೆಗೆಂದು ಸವಾರಿ ಹೊರಟಿತು. ಮನೆಯಲ್ಲಿ ಐದು ಜನ, ಕಾರಿನಲ್ಲಿ ಎರಡೇ ಸೀಟು. ಅಪ್ಪ ಮಗ ಕಾರಿನಲ್ಲಿ ಕೂತರು. ನಾವು ಮೂವರು ಕಾಯಿ, ಕರ್ಪೂರ ಹಿಡಿದು ನಡೆದೇ ಹೊರಟೆವು. ಚಕ್ರದ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾಗಿ, ಕಾರು ಹುಲಿಯ ಹಾಗೆ ಗುರ್ ಎಂದು ಓಣಿ ದಾಟಿತು. ಆದರೆ ನಾವು ಹುಣಸೆಮರದ ತಿರುವಿಗೆ ಬರುವಷ್ಟರಲ್ಲಿ ಹುಲಿ ಅಲ್ಲೇ ಮಲಗಿತ್ತು.

ಅಲ್ಲೊಂದು ಹೊಸ ಹಂಪ್ಸ್. ಹೋದ ತಿಂಗಳಷ್ಟೇ ಯಾವನೋ ಪುಣ್ಯಾತ್ಮ ಸಿಮೆಂಟಿನಲ್ಲಿ ಕಟ್ಟಿಸಿದ್ದು, ಹಂಪ್ಸ್ ಅಲ್ಲ, ಹೊಲದ ಒಡ್ಡು! ಕಾರಿನ ಹೊಟ್ಟೆ ಅದರ ಮೇಲೆ ಕೂತು ಚಕ್ರ ಸುಮ್ಮನೆ ತಿರುಗುತ್ತಿದ್ದವು. ಹಿಂದೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಕಾಯುತ್ತಿತ್ತು. ಮಗ್ಗುಲಿನಿಂದ ಒಬ್ಬ ಅಜ್ಜಿ ತನ್ನ ಆಡುಗಳನ್ನು ಹೊಡೆದುಕೊಂಡು ನಮ್ಮ ಸ್ಪೋರ್ಟ್ಸ್ ಕಾರನ್ನು ಓವರ್‌ಟೇಕ್ ಮಾಡಿದಳು.

"ಏನ್ರೀ ಸಾವಕಾರ್ರ, ಹೋರಿ ಮಕ್ಕೊಂತೇನ್ರಿ?" ಎಂದ ಟ್ರ್ಯಾಕ್ಟರಿನವನು. "ಎಬ್ಬಸ್ರಿ, ಇಲ್ಲಾ ಮೇವ ಹಾಕ್ರಿ."

ನೆಗೆಣ್ಣಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಹುಡುಗ ಅಳುವ ಹಾಗಾಗಿದ್ದ. "ಅಪ್ಪಾ, ಇದು ಊರs ದಾಟಂಗಿಲ್ಲ."

"ದಾಟತೈತಿ," ಎಂದರು ಭಾವನವರು. "ಸಾವಕಾಶ ದಾಟತೈತಿ."

ಆ ಮನುಷ್ಯನ ಮುಖದಲ್ಲಿ ಎಳ್ಳಷ್ಟೂ ನಾಚಿಕೆ ಇರಲಿಲ್ಲ. ಇಷ್ಟು ದೊಡ್ಡ ಹುಚ್ಚು ಕೆಲಸ ಮಾಡಿದವರು ಕನಿಷ್ಠ ಟೋಪಿಯನ್ನಾದರೂ ತೆಗೆದು ಬೆವರು ಒರೆಸಿಕೊಳ್ಳಬೇಡವೇ? ಅವರು ಹುಣಸೆಮರದ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಯವ್ವಾ, ಮನ್ಯಾಗಿನ ಮಣಿ ತರಸು" ಎಂದರು. ನನ್ನ ಗಂಡ ಓಡಿದರು. ಊಟಕ್ಕೆ ಕೂಡುವ ನಮ್ಮ ನಾಲ್ಕು ಸಾಗವಾನಿ ಮಣೆಗಳು ಬಂದವು, ನನ್ನ ತವರಿನವರು ಕೊಟ್ಟವು. ಟ್ರ್ಯಾಕ್ಟರಿನವನೂ ಇಳಿದು ಕೈಹಚ್ಚಿದ. ಕಾರನ್ನು ಎತ್ತಿ ಹಿಂದಕ್ಕೆ ಸರಿಸಿ, ಹಂಪ್ಸಿನ ಎರಡೂ ಮಗ್ಗುಲಿಗೆ ಮಣೆ ಒಡ್ಡಿ, ಅವುಗಳ ಮೇಲೆ ಹುಡುಗ ಮದುಮಗನ ಹಾಗೆ ಮೆಲ್ಲಗೆ ಕಾರು ದಾಟಿಸಿದ. ಮುಂದೆ ಶಾಲೆಯ ಹತ್ತಿರ ಮತ್ತೊಂದು ಹಂಪ್ಸ್, ಮತ್ತೆ ಮಣೆ. ಗುಡಿಯ ಮುಂದೆ ಇನ್ನೊಂದು. ನಡೆದು ಹೊರಟ ನಾವೇ ಮೊದಲು ತಲುಪಿ ದೀಪ ಹಚ್ಚಿದೆವು. ಆವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಬರಿ ನೆಲದ ಮೇಲೆ ಊಟಕ್ಕೆ ಕೂಡುತ್ತೇವೆ. ಮಣೆಗಳು ಕಾರಿನಲ್ಲೇ ಇರುತ್ತವೆ.

ಸಂಜೆ ಹುಡುಗ ಊರೆಲ್ಲ ಸುತ್ತಿ ಬಂದ. ಹಂಪ್ಸಿಗೊಮ್ಮೆ ಇಳಿದು, ಸಿಕ್ಕವರನ್ನೆಲ್ಲ ಮಾತನಾಡಿಸಿ ನಗುತ್ತಲೇ ಬಂದಿದ್ದ. ಭಾವನವರು ಅವನು ಬರುವ ತನಕ ಕಟ್ಟೆಯ ಮೇಲೆ ಕೂತಿದ್ದು, ಬಂದ ಮೇಲೆ ಕಾರಿಗೆ ಕೌದಿ ಹೊದಿಸಿ, ಅಂಚು ಜಗ್ಗಿ ಸರಿಮಾಡಿದರು. ತಲೆ ಕೆಟ್ಟ ಮನುಷ್ಯ ಎಂದುಕೊಂಡು ನಾನು ಒಳಗೆ ಹಾಲು ಆರಿಸುತ್ತಿದ್ದೆ.

ಆಗ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದಳು. ಆಕೆಯ ಗಂಡ ಪಂಚಾಯತಿಯ ಸಿಮೆಂಟ್ ಕೆಲಸ ಹಿಡಿಯುವವರು. ನಾನು ತಡೆಯಲಾರದೆ, ಆ ಹುಣಸೆಮರದ ಹತ್ತಿರ ಅಂಥ ಗುಡ್ಡ ಕಟ್ಟಿದ್ದು ಯಾರ ಬುದ್ಧಿ, ನಿಮ್ಮವರದೇ ಏನು ಎಂದು ಕೇಳಿಯೇಬಿಟ್ಟೆ.

"ನಮ್ಮವರದ ಎಲ್ಲೀದ್ರಿ ವೈನಿ," ಎಂದಳು ಆಕೆ ಬಟ್ಟಲು ಚಾಚುತ್ತ. "ಪುಣೇದಾಗ ಕಾರ್ ನೋಡಿ ಬಂದ ಮರದಿನಾನs ನಿಮ್ಮ ಬಾವಾರು ನಮ್ಮವರನ್ನ ಕರ್ಕೊಂಡು ಹೋಗಿ, ಗೇಣ ಹಿಡದ ತೋರಿಸಿ, ಮೂರೂ ಕಡೆ ಇಷ್ಟs ಎತ್ತರ ಆಗಬೇಕು ಅಂದ್ರಂತ. ಬೈಕ್ ಆದ್ರ ಹಾರತೈತಿ, ಇದು ಹಾರಂಗಿಲ್ಲ ಅಂದ್ರಂತ. ಆಗ ತಮ್ಮಗ ಆ ಬೈಕ್ ಕೊಡಿಸಿದವರು ಇವರs ಅಲ್ರಿ, ಇನ್ನೂ ಮನಸಿನ್ಯಾಗ ಇಟ್ಕೊಂಡಾರ ನೋಡ್ರಿ. ಇರಲಿ, ಹೆಪ್ಪು ಸ್ವಲ್ಪ ಹುಳಿ ಇದ್ದದ್ದs ಹಾಕ್ರಿ, ಚಳಿ ಐತಿ."